ಸೆಸಿಲಿ ಎಂಬ ಗಂಟೆ

"ಈ ಗಂಟೆಗೆ ಏನು ಹೆಸರಿಡೋಣ?" ಎಂದು ಬಿಷಪ್ ಮೊರ್ವಾಂ ಕೇಳಿದರು. ಫ್ರಾನ್ಸಿನಿಂದ ತೂತುಕುಡಿಗೆ ಹಡಗಿನಲ್ಲಿ ಬಂದಿಳಿದ ಕಂಚಿನ ಗಂಟೆ ಇಗರ್ಜಿಯ ಮುಂದಿನ ಮರಳಿನಲ್ಲಿ, ಗಿಡ್ಡ ಮರದ ಚೌಕಟ್ಟಿಗೆ ತೂಗುಬಿದ್ದಿತ್ತು. ಹೆಸರಿಡುವ ಜ್ಞಾನಸ್ನಾನಕ್ಕೆ ತಂದ ಕೂಸಿಗೆ ತೊಡಿಸುವಂತೆ ಅದಕ್ಕೂ ಬಿಳಿ ಲೇಸಿನ ಅಂಗಿ ತೊಡಿಸಿದ್ದರು. ಹೆಸರು ಹೇಳಬೇಕಾದವಳು ಗಂಟೆಯ ಜ್ಞಾನತಾಯಿ, ಮೀನುಗಾರರ ಮುಖಂಡನ ಸೊಸೆ ಇನ್ನಾಸಿಯಮ್ಮಾಳ್. 'ಸಂತಮರಿಯಾ' ಎಂದು ಊರೆಲ್ಲ ಸೇರಿ ಮೊದಲೇ ಗೊತ್ತುಮಾಡಿತ್ತು.

"ಸೆಸಿಲಿ" ಎಂದಳು ಅವಳು.

ಇಗರ್ಜಿಯ ಉಪದೇಶಿ ಸೂಸೈ ಬಿಷಪ್ಪರ ಕಿವಿಯ ಬಳಿ ಬಾಗಿದ. "ಬೇಡಿ ಸ್ವಾಮಿ. ಹೋದ ತಿಂಗಳು ಸತ್ತ ಇವಳ ಕೂಸಿಗೆ ಇಡ್ಬೇಕು ಅಂತಿದ್ದ ಹೆಸರು ಅದು."

ಬಿಷಪ್ಪರಿಗೆ ಅದು ಗೊತ್ತಿತ್ತು. ಜ್ಞಾನಸ್ನಾನವಾಗುವ ಮೊದಲೇ ಉಸಿರು ಬಿಟ್ಟ ಆ ಹೆಣ್ಣುಕೂಸನ್ನು ಸಮಾಧಿಭೂಮಿಯ ಬೇಲಿಯಾಚೆ ಹೂಳಿದ್ದರು. ಹೆಸರಿಟ್ಟು ಒಳಗೆ ಮಲಗಿಸಿ ಎಂದು ಅವಳು ಬಿಷಪ್ಪರ ಬಂಗಲೆಗೇ ಬಂದು ಕಾಲು ಹಿಡಿದಿದ್ದಳು. ಸತ್ತವರಿಗೆ ಜ್ಞಾನಸ್ನಾನ ಕೊಡುವಂತಿಲ್ಲ ಎಂದು ಅವರೇ ಹೇಳಿ ಕಳಿಸಿದ್ದರು. ಶಾಸ್ತ್ರವೇನೋ ಸರಿಯಾಗಿಯೇ ಇತ್ತು. ಶಾಸ್ತ್ರಕ್ಕೇನು, ಅದು ಹೆತ್ತಿದೆಯೇ?

"ಬೇರೆ ಹೆಸರು ಹೇಳಮ್ಮ."

"ಕಂಚಿಗೆ ನೀರು ಹಾಕ್ತೀರಿ, ಎಣ್ಣೆ ಹಚ್ತೀರಿ. ನನ್ನ ಕೂಸಿಗೆ ಆಗಲ್ಲ ಅಂದ್ರಿ. ಹೆಸರಾದ್ರೂ ಇರ್ಲಿ ಬಿಡಿ ಸ್ವಾಮಿ."

ನೆರೆದವರು ತಲೆ ತಗ್ಗಿಸಿ ನಿಂತರು. ಬಿಷಪ್ಪರು ಗಂಟೆಯ ಒಳಹೊರಗನ್ನು ಪವಿತ್ರ ಜಲದಿಂದ ತೊಳೆದು, ಎಣ್ಣೆ ಹಚ್ಚಿ, ಸೆಸಿಲಿ ಎಂದು ಕರೆದರು.

ಸಂಜೆ ಇಗರ್ಜಿಯ ಪಕ್ಕದ ಮನೆಯಲ್ಲಿ ಅವರು ಊಟಕ್ಕೆ ಕೂತಿದ್ದಾಗ ಗಂಟೆಯ ದನಿ ಕೇಳಿಸಿತು. ದೊಡ್ಡ ದನಿಯಲ್ಲ, ಎಳೆಯದು, ಬಿಟ್ಟು ಬಿಟ್ಟು ಬರುತ್ತಿತ್ತು.

"ಯಾರಪ್ಪ ಬಾರಿಸ್ತಿರೋದು?"

ಮೀನುಸಾರು ಬಡಿಸುತ್ತಿದ್ದ ಸೂಸೈಯ ಕೈ ನಿಂತಿತು. "ಬಾರಿಸೋದು ಹೆಂಗೆ ಸ್ವಾಮಿ? ಒಳಗೆ ಬಡಿಯೋ ನಾಲಗೆ ಇನ್ನೂ ಕಟ್ಟೇ ಇಲ್ಲ. ಪೆಟ್ಟಿಗೇಲಿದೆ."

ಬಿಷಪ್ಪರು ಕೈ ತೊಳೆಯದೆ ಹೊರಗೆ ಬಂದರು. ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಲೇಸಿನ ಅಂಗಿ ಮಾತ್ರ ನಡುಗುತ್ತಿತ್ತು. ಅದರ ಪಕ್ಕದಲ್ಲಿ ಇನ್ನಾಸಿಯಮ್ಮಾಳ್ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ರವಿಕೆ ಹಾಲಿನಿಂದ ತೊಯ್ದಿತ್ತು.

"ಬತ್ತೇಹೋಗಿತ್ತು ಸ್ವಾಮಿ" ಎಂದಳು. "ಇವಳ ದನಿ ಕೇಳ್ತಿದ್ದಂಗೆ ಇಳೀತು. ಹೆಂಗೆ ಕುಡಿಸ್ಲಿ, ನೀವೇ ಹೇಳಿ."

ದನಿ ನಿಲ್ಲಿಸಲೆಂದು ಬಿಷಪ್ಪರು ಗಂಟೆಯ ಮೇಲೆ ಎರಡೂ ಕೈಯಿಟ್ಟರು. ಕಂಚು ಬೆಚ್ಚಗಿತ್ತು. ಬಾಯಿಗೆ ಬಂದ ಲ್ಯಾಟಿನ್ ಪ್ರಾರ್ಥನೆ ಅರ್ಧಕ್ಕೇ ನಿಂತು, ಕೈ ತಾನಾಗಿ ಮೆಲ್ಲಗೆ ತಟ್ಟತೊಡಗಿತು. ದನಿ ಸಣ್ಣದಾಗುತ್ತ ಹೋಗಿ ಅಡಗಿತು.

ಅವರು ಹಿಂದೆ ಸರಿಯಲು ನೋಡಿದರು.

"ಕೈ ತೆಗೀಬೇಡಿ ಸ್ವಾಮಿ" ಎಂದು ಅವಳು ಪಿಸುಗುಟ್ಟಿದಳು. "ಎದ್ದುಬಿಡ್ತಾಳೆ."