ಹಣೆಯ ಮೇಲಿನ ಭಂಡಾರ

"ಓದು ಮಹಾಂತ, ಇನ್ನ ತಡ ಯಾಕ?" ಹಿರಿಯ ಪಾಸ್ಟರ್ ವಿಜಯಕುಮಾರ ಕುರ್ಚಿಯಿಂದಲೇ ಗದರಿದರು.

ಕಿರಿಯ ಪಾಸ್ಟರ್ ಮಹಾಂತ ಪತ್ರ ಬಿಡಿಸಿದ. ತಿಕೋಂಡಿಯ ಆ ತಗಡಿನ ಪ್ರಾರ್ಥನಾಲಯದಲ್ಲಿ ಭಾನುವಾರದ ಆರಾಧನೆಗೆ ಕೂತ ನಲವತ್ತು ಜನರ ಕಣ್ಣೂ ಅವನ ಮೇಲೇ ಇದ್ದವು. ಎದುರಿಗೆ ಚಾಪೆಯ ಮೇಲೆ ಈ ಸಭೆಯ ಪಾಸ್ಟರ್ ಬೀರದೇವ ತಲೆ ತಗ್ಗಿಸಿ ಕೂತಿದ್ದ. ಹೊರಗೆ ಮೆಟ್ಟಿಲ ಮೇಲೆ ಅವನ ತಾಯಿ ಅಕ್ಕವ್ವ. ಕುರಿ ಕಾಯುವ ಮುದುಕಿ, ಈ ಸಭೆಗೆ ಒಂದು ದಿನವೂ ಬಂದವಳಲ್ಲ. ಮಗನಿಗೆ ಏನೋ ಶಿಕ್ಷೆಯಂತೆ ಎಂದು ಕೇಳಿ ಕುರಿ ಬಿಟ್ಟು ಓಡಿ ಬಂದಿದ್ದಳು.

ಮಹಾಂತ ಓದಿದ: "ಸೇವಕರು ಹಣೆಗೆ ಏನನ್ನೂ ಹಚ್ಚಿಸಿಕೊಳ್ಳಬಾರದೆಂಬುದು ನಮ್ಮ ನಿಯಮ. ತಂದೆಯನ್ನು ಮಣ್ಣು ಮಾಡಿದ ದಿನ ಬೀರದೇವ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚಿಸಿಕೊಂಡಿದ್ದು ವಿಡಿಯೊದಲ್ಲಿ ಕಂಡಿದೆ. ಮೂರು ತಿಂಗಳು ಅವರು ಆರಾಧನೆಯಲ್ಲಿ ಪ್ರಸಂಗ ಮಾಡಕೂಡದು."

"ಹಚ್ಚಿದಾಕಿ ನಾನ್ರೀ!" ಅಕ್ಕವ್ವ ಹೊರಗಿಂದಲೇ ಕೂಗಿದಳು. "ಅಂವ ಅಳಾಕತ್ತಿದ್ದ, ನಾನ ಹಚ್ಚೀನಿ. ಶಿಕ್ಷಾ ನನಗ ಕೊಡ್ರಿ."

"ನಿಯಮ ಅಂದ್ರ ನಿಯಮ, ಯವ್ವಾ. ಸೇವಕರಿಗೆ ರಿಯಾಯ್ತಿ ಇಲ್ಲ," ಎಂದರು ವಿಜಯಕುಮಾರ.

ರಿಯಾಯ್ತಿ ಇಲ್ಲವಂತೆ! ಮಹಾಂತನಿಗೆ ಮೈಯೆಲ್ಲ ಉರಿಯಿತು. ಎರಡು ವರ್ಷದ ಹಿಂದೆ ಬಿಳೂರಿನಲ್ಲಿ ಅವನ ಅಜ್ಜಿ ತೀರಿಕೊಂಡಾಗ ದೊಡ್ಡಪ್ಪ ಅವನ ಹಣೆಗೆ ವಿಭೂತಿ ಬಳಿದಿದ್ದ. ಒರೆಸಲು ಮನಸ್ಸಾಗದೆ ಮಹಾಂತ ಸಂಜೆತನಕ ಹಾಗೇ ಇದ್ದ. ಇದೇ ವಿಜಯಕುಮಾರರು ಕಣ್ಣಾರೆ ನೋಡಿಯೂ, "ದುಃಖದಾಗ ಇಂಥಾವು ನಡೀತಾವ, ಬಿಡು" ಎಂದಿದ್ದರು. ಯಾಕೆ ಅನ್ನಬಾರದು? ಅವರ ಮಗಳು ಶೈಲಾಳ ಗಂಡನಲ್ಲವೇ ಅವನು! ಮುಂದಿನ ತಿಂಗಳು ಜತ್ತಿನ ದೊಡ್ಡ ಸಭೆಯ ಉಸ್ತುವಾರಿ ಅವನ ಕೈಗೆ ಬರುವುದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಮುಚ್ಚಿಕೊಳ್ಳಲಿಲ್ಲ, ಪುಣ್ಯಾತ್ಮ! ಕಿಸೆಯಿಂದ ಪೆನ್ನು ತೆಗೆದು ಬೀರದೇವನ ಹೆಸರಿನ ಕೆಳಗೆ ತನ್ನ ಹೆಸರನ್ನೂ ಬರೆದ. ಆಮೇಲೆ ಜನರ ಕಡೆ ತಿರುಗಿದ.

"ಬಿಳೂರಾಗ ನಾನೂ ವಿಭೂತಿ ಹಚ್ಚಿಸ್ಕೊಂಡಿದ್ದೆ. ಹಿರ್‍ಯಾರು ನೋಡಿದ್ರು, ಅಳಿಯ ಅಂತ ಬಿಟ್ಟಬಿಟ್ರು. ತಪ್ಪು ಒಂದ ಅಂದಮ್ಯಾಲೆ ಶಿಕ್ಷಾನೂ ಒಂದ. ನನಗೂ ಮೂರು ತಿಂಗಳು."

"ಹುಚ್ಚು ಹಿಡದೈತೇನು ನಿನಗ? ಸುಮ್ಮ ಕುಂದ್ರು!" ವಿಜಯಕುಮಾರ ಎದ್ದೇಬಿಟ್ಟರು.

"ಕುಂದರತೀನ್ರಿ ಮಾಮಾ," ಎಂದ ಮಹಾಂತ. ಪತ್ರವನ್ನು ಅವರ ಕೈಗಿಟ್ಟು, ಕೆಳಗಿಳಿದು ಹೋಗಿ ಬೀರದೇವನ ಪಕ್ಕದಲ್ಲೇ ಚಾಪೆಯ ಮೇಲೆ ಕೂತ. ಬೀರದೇವ ಅವನ ಕೈ ಹಿಡಿದುಕೊಂಡ.

ಹಿಂದಿನ ಸಾಲಿನಲ್ಲಿ ಕೂತಿದ್ದ ದುಂಡವ್ವ ಮೆಲ್ಲಗೆ ಕೇಳಿದಳು: "ಹಂಗಾದ್ರ ಇವತ್ತ ಪ್ರಸಂಗ ಯಾರು ಹೇಳಾವ್ರು?"

ಮೆಟ್ಟಿಲ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಅಕ್ಕವ್ವ ತಲೆ ಎತ್ತಿದಳು.

"ಯಾಕಬೇ, ಈಗ ಆ ಹುಡುಗ ಹೇಳಿದ್ದು ಪ್ರಸಂಗ ಅಲ್ಲೇನು?"