ಬೈಗುಳದ ಪಾಲು

"ನೋಡ್ರಪ್ಪ, ನನ್ನನ್ನ ಬೊಗಳೋ ನಾಯಿ ಅಂದಿದಾನೆ," ಎಂದು ಓದಿದ ಅನ್ಸೆಲ್ಮೊನ ದನಿಯಲ್ಲಿ ಸಿಟ್ಟಿಗಿಂತ ಜಂಬವೇ ಹೆಚ್ಚಿತ್ತು. ನಿಷೇಧಕ್ಕೆ ಸಿಕ್ಕಿ ವರ್ಷಗಟ್ಟಲೆ ಸುಮ್ಮನಿದ್ದ ಫೆರ್ಮಿನ್ ಹೊಸ ಪುಸ್ತಕ ಹೊರತಂದಿದ್ದ. ಮಾಂಟೆವಿಡಿಯೊದ ಬರಹಗಾರರಿಗೆಲ್ಲ ಅದರಲ್ಲಿ ಬೈಗುಳದ ಪಾಲು ಸಿಕ್ಕಿತ್ತು. ಅವನ ಹಳೆಯ ಪುಸ್ತಕಕ್ಕೆ ನಡುಬೀದಿಯಲ್ಲಿ ಬೆಂಕಿ ಇಟ್ಟಿದ್ದ ಬೆನಿಗ್ನೊ ಮಾತ್ರ ಇದರಲ್ಲಿ ತನ್ನ ಹೆಸರು ಹುಡುಕಿ ಹುಡುಕಿ ಸೋತಿದ್ದ.

ಮಾಟೆ ಕಷಾಯ ತುಂಬಿದ ಸೋರೆಬುರುಡೆ ಕೈಯಿಂದ ಕೈಗೆ ದಾಟಿದಂತೆ ಒಬ್ಬೊಬ್ಬರೂ ತಮ್ಮ ತಮ್ಮ ಬೈಗುಳ ಓದಿದರು. ಬೆನಿಗ್ನೊ ಹೊಟ್ಟೆ ಉರಿದುಕೊಳ್ಳುತ್ತಿದ್ದಾಗಲೇ ಬುರುಡೆ ಅವನ ಕೈಗೂ ಬಂತು.

"ನಿಂಗೇನಂದಿದಾನೋ?" ಅನ್ಸೆಲ್ಮೊ ಕೆಣಕಿದ.

"ಕೊನೇ ಪುಟದಲ್ಲಿ ಹೆಸರಿಲ್ಲದ ಹೇಡಿ ಒಬ್ಬ ಇದಾನಲ್ಲ, ಅದು ನಾನೇ."

ಗತಿಸಿದ ಕವಿಯೊಬ್ಬನ ಹೆಂಡತಿ, ಮುದುಕಿ ಎಲ್ವಿರಾ, ಬೆನಿಗ್ನೊನ ಕೈಯಿಂದ ಬುರುಡೆ ತೆಗೆದುಕೊಂಡಳು. "ಅದು ನಮ್ಮೆಜಮಾನ್ರು ಕಣಪ್ಪ. ಸತ್ತೋರ ಪಾಲಿಗೂ ಕೈ ಹಾಕ್ಬೇಡ."