ಡ್ಯೂಕ್ ಬ್ಯಾಲಾರ್ಡನ ಕೊನೆಯ ಸಂದರ್ಶನ

ನೋಟಿಸು ಬಂದದ್ದು ಭಾನುವಾರ ಬೆಳಿಗ್ಗೆ, ಸೆಮಿಫೈನಲ್‌ಗೆ ಇನ್ನೊಂದು ಗಂಟೆ ಇರುವಾಗ.

"ನಿಮ್ಮ ಮನೆಯ ಇಂಟರ್‌ನೆಟ್ಟಿನಿಂದ ಲೀಗಿಗೆ ಎರಡು ಹೆಸರುಗಳು ಬರುತ್ತಿವೆ. ಒಬ್ಬರಿಗೆ ಒಂದೇ ಹೆಸರು, ಇದು ನಿಯಮ. ಮಧ್ಯಾಹ್ನ ಎರಡರೊಳಗೆ ವಿವರಣೆ ಕೊಡದಿದ್ದರೆ ಎರಡೂ ಹೆಸರನ್ನು ಅವುಗಳ ಪುಟಗಳ ಸಮೇತ ಅಳಿಸಲಾಗುವುದು. ಪ್ರಿಚೆಟ್, ಕಮಿಷನರ್."

ಲೈಲ್ ಆಸ್ಪೆಲುಂಡ್ ಅದನ್ನು ಎರಡು ಸಲ ಓದಿದ. ಮೂರು ವರ್ಷದ ಕಳ್ಳತನ ಕೊನೆಗೂ ಬಯಲಾಗಿತ್ತು.

ಲೀಗ್ ಎಂದರೆ ಮೈದಾನವಿಲ್ಲದ ಫುಟ್‌ಬಾಲ್, ಅದೂ ಚೆಂಡನ್ನು ಕೈಯಲ್ಲಿ ಹಿಡಿದು ಗಜ ಗಜ ಮುನ್ನುಗ್ಗುವ ಅಮೆರಿಕನ್ ಬಗೆಯದು. ಅಮೆರಿಕದ ಮೂಲೆಮೂಲೆಯ ಜನ ಕಂಪ್ಯೂಟರಿನಲ್ಲಿ ತಲಾ ಒಬ್ಬ ಆಟಗಾರನನ್ನು ಹುಟ್ಟಿಸಿ, ಹೆಸರಿಟ್ಟು, ವಾರವಾರ ತಾಲೀಮು ಕೊಟ್ಟು ಬೆಳೆಸುತ್ತಾರೆ. ಪಂದ್ಯ ಆಡುವುದು ಯಂತ್ರ. ಪಂದ್ಯ ಮುಗಿದ ಮೇಲೆ, ವರದಿ ಬರೆಯಲೆಂದೇ ಒಂದು ಹೆಸರಿಟ್ಟುಕೊಂಡು ಲೀಗಿಗೆ ಸೇರಿದವರು ಆಟಗಾರರ ಸಂದರ್ಶನ ಮಾಡುತ್ತಾರೆ. ಹುಟ್ಟಿಸಿದವರು ಆಟಗಾರನ ಬಾಯಲ್ಲೇ ಉತ್ತರ ಬರೆಯಬೇಕು. ಸೊಂಟ ಹಿಡಿದಿದೆ ಅಂದರೂ ಸರಿ, ಹೆಂಡತಿ ಬಿಟ್ಟುಹೋದಳು ಅಂದರೂ ಸರಿ, ಅಲ್ಲಿ ಯಾರೂ ನಗುವುದಿಲ್ಲ.

ಬಿಲ್ಲಿಂಗ್ಸ್ ಬೈಸನ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಟ ನಡೆಸುವವನು, ಡ್ಯೂಕ್ ಬ್ಯಾಲಾರ್ಡ್‌ನನ್ನು ಹುಟ್ಟಿಸಿದವನು ಲೈಲ್‌ನ ಮಗ ಗ್ರಾಂಟ್. ಮೂರು ವರ್ಷದ ಹಿಂದೆ, ಡುಲುತ್ ಊರಾಚೆಯ ಮಂಜುಗಟ್ಟಿದ ರಸ್ತೆಯಲ್ಲಿ ಗ್ರಾಂಟ್‌ನ ಕಾರು ಜಾರಿ ಕಂಬಕ್ಕೆ ಬಡಿಯಿತು. ಮಗನನ್ನು ಮಣ್ಣು ಮಾಡಿ ಬಂದ ವಾರವೇ ಅವನ ಕಂಪ್ಯೂಟರಿಗೆ ತಂಡದವನೊಬ್ಬನ ಸಾಲು ಬಂತು: "ಡ್ಯೂಕ್, ಎಲ್ಲಿ ಸತ್ಯೋ? ತಾಲೀಮು ತಪ್ಪಿಸಿದ್ರೆ ತಂಡದಿಂದ ಕಿತ್ತಾಕ್ತಾರೆ!"

ಲೈಲ್ ಕೂತು ತಾಲೀಮು ಕೊಟ್ಟ. ಅಂದಿನಿಂದ ಅವನೇ ಡ್ಯೂಕ್.

ಎರಡನೆಯ ಹೆಸರು ಯಾವುದೆಂದೂ ಅವನಿಗೆ ತಕ್ಷಣ ಹೊಳೆಯಿತು. ಹಿಂದೊಮ್ಮೆ ಗ್ರಾಂಟ್ ಬಲವಂತ ಮಾಡಿ ಅಪ್ಪನ ಹೆಸರಲ್ಲೂ ಒಬ್ಬ ಡೊಳ್ಳುಹೊಟ್ಟೆಯ ಆಟಗಾರನನ್ನು ಮಾಡಿಸಿದ್ದ. ಮೂರು ವಾರ ಆಡಿ ಲೈಲ್ ಬಿಟ್ಟಿದ್ದ. ಆ ಹಾಳಾದ್ದು ಇನ್ನೂ ಉಸಿರಾಡುತ್ತಿರಬೇಕು.

ಶಿಕ್ಷೆಯ ಭಯ ಅವನಿಗಿರಲಿಲ್ಲ. ಭಯವಿದ್ದದ್ದು ಆ ಪುಟದ್ದು. ಡ್ಯೂಕ್‌ನ ಪುಟದ ತಲೆಯಲ್ಲಿ ಗ್ರಾಂಟ್ ತಾನೇ ಬರೆದ ಸಾಲಿತ್ತು: "ಅಪ್ಪನಿಗಿಂತ ಎತ್ತರ, ಅಮ್ಮನಿಗಿಂತ ಹಟಮಾರಿ." ಮಗನ ಮಾತೆಂದು ಉಳಿದದ್ದು ಅದೊಂದೇ.

ಉಳಿದದ್ದನ್ನೆಲ್ಲ ಹೆಂಡತಿ ನೊರೀನ್ ತಿಂಗಳೊಳಗೆ ಮನೆಯಿಂದ ಸಾಗಿಸಿದ್ದಳು. ಬಟ್ಟೆ, ಪುಸ್ತಕ, ಹಾಕಿ ಕೋಲು, ಎಲ್ಲ ಚರ್ಚಿಗೆ ಹೋಯಿತು. ಮಗನ ಹೆಸರೆತ್ತಿದರೆ ಎದ್ದುಹೋಗುತ್ತಿದ್ದಳು. ಹೆತ್ತವಳ ಎದೆ ಇಷ್ಟು ಕಲ್ಲಾಗಬಹುದೇ ಎಂದು ಲೈಲ್ ಒಳಗೊಳಗೇ ಕುದಿದು, ಕೊನೆಗೆ ಕೇಳುವುದನ್ನೇ ಬಿಟ್ಟು ನೆಲಮಾಳಿಗೆ ಸೇರಿದ್ದ. ಅವಳು ಮೇಲೆ ತನ್ನ ಕಂಪ್ಯೂಟರಿನಲ್ಲಿ ಚರ್ಚಿನ ಪತ್ರಿಕೆಯ ಕೆಲಸ ಮಾಡುತ್ತಿದ್ದಳು. ಗಂಡ ಕೆಳಗೆ ಟೀವಿಯಲ್ಲಿ ಫುಟ್‌ಬಾಲ್ ನೋಡುತ್ತಾನೆಂದು ಅವಳ ಲೆಕ್ಕ.

ಪಂದ್ಯ ಶುರುವಾಯಿತು. ಕೊನೆಯ ನಿಮಿಷದಲ್ಲಿ ಬೈಸನ್ಸ್‌ಗೆ ಗೆಲ್ಲಲು ಬೇಕಿದ್ದದ್ದು ಆರೇ ಗಜ. ಟಕ್ಸನ್‌ನವರು ಮೂವರು ಒಟ್ಟಿಗೆ ಬಂದು ಡ್ಯೂಕ್‌ನನ್ನು ನೆಲಕ್ಕೆ ಕೆಡವಿದರು. ಚೆಂಡು ಕೈತಪ್ಪಿತು. ಇಪ್ಪತ್ತಕ್ಕೆ ಇಪ್ಪತ್ತನಾಲ್ಕು. ಡ್ಯೂಕ್‌ಗೆ ನಿಯಮದ ಪ್ರಕಾರ ನಿವೃತ್ತಿಯ ವಯಸ್ಸು ತುಂಬಿತ್ತು. ಅವನಿಗೆ ಮುಂದಿನ ಸೀಸನ್ ಇರಲಿಲ್ಲ.

ಮೆಟ್ಟಿಲ ಮೇಲಿಂದ ನೊರೀನ್ ಕೂಗಿದಳು. "ಸೋತ್ರಾ?"

"ಸೋತ್ರು."

"ಹೋಗ್ಲಿ ಬಿಡು. ಕೈಲಾದಷ್ಟು ಆಡ್ದ, ಪಾಪ. ಊಟ ಸ್ವಲ್ಪ ತಡ ಆಗುತ್ತೆ, ಲೈಲ್, ಒಂದಿಷ್ಟು ಕೆಲ್ಸ ಉಳ್ಕೊಂಡಿದೆ."

ಅವಳಿಗೇನು ಗೊತ್ತು, ಸೋತವರು ಯಾರೆಂದು! ಲೈಲ್ ಕಣ್ಣೊರೆಸಿಕೊಂಡು ಪರದೆಯ ಕಡೆ ತಿರುಗಿದ. ಸಿಡ್ ಕ್ರೊವೆಟ್ ಆಗಲೇ ಕಾದಿದ್ದ.

ಈ ಸಿಡ್ ಎರಡು ವರ್ಷದಿಂದ ಡ್ಯೂಕ್‌ನ ಬೆನ್ನು ಬಿಟ್ಟವನಲ್ಲ. ಬೇರೆ ವರದಿಗಾರರು ಗಜ, ಪಾಸು ಅಂತ ಕೊರೆದರೆ ಇವನು ಹೊಟ್ಟೆಗೇನು ತಿಂದೆ, ಎಡಮಂಡಿ ಹೇಗಿದೆ ಎನ್ನುತ್ತಿದ್ದ. ಲೀಗಿನ ಪಡ್ಡೆಗಳು 'ಸಿಡ್ ತಾತ' ಎಂದು ಗೇಲಿ ಮಾಡುತ್ತಿದ್ದರು. ಟೆಕ್ಸಾಸಿನ ಕಡೆಯ ಒಂಟಿ ಮುದುಕನಿರಬೇಕು, ಲೈಲ್ ಹಾಗೆಂದುಕೊಂಡಿದ್ದ.

"ಇವತ್ತು ಆಟದ ವಿಷಯ ಬೇಡ, ಡ್ಯೂಕ್," ಸಿಡ್ ಬರೆದ. "ಒಂದೇ ಪ್ರಶ್ನೆ. ಆ ಕೊನೇ ಏಟು ಬಿತ್ತಲ್ಲ, ತುಂಬ ನೋವಾಯ್ತಾ?"

ಗ್ರಾಂಟ್‌ನ ಕಾರು ಜಾರಿದ ದಿನ ಪೊಲೀಸರು ಫೋನ್ ಮಾಡಿದ್ದು ಲೈಲ್‌ಗೆ. ನೊರೀನ್ ಫಾರ್ಗೋದಲ್ಲಿ ತಂಗಿಯ ಮನೆಯಲ್ಲಿದ್ದಳು. ಆಂಬುಲೆನ್ಸ್ ಬರುವ ತನಕ ಹಿಮದಲ್ಲಿ ಮಂಡಿಯೂರಿ ಮಗನ ಕೈ ಹಿಡಿದು ಕೂತವನು ಲೈಲ್ ಒಬ್ಬನೇ. ಮೂರು ವರ್ಷದಲ್ಲಿ ಒಬ್ಬರಾದರೂ ಇದನ್ನು ಕೇಳಿರಲಿಲ್ಲ. ಯಾರಿಗೂ ಹೇಳದ ಮಾತನ್ನು ಕೊನೆಗೆ ಈ ಗುರುತಿಲ್ಲದ ಮುದುಕನಿಗೆ ಡ್ಯೂಕ್‌ನ ಬಾಯಲ್ಲೇ ಹೇಳಿಕೊಂಡ.

"ಇಲ್ಲ. ಏಟು ಬಿದ್ದಿದ್ದೇ ಗೊತ್ತಾಗ್ಲಿಲ್ಲ. ಚಳಿ ಅಂದೆ, ಅಪ್ಪ ಕೋಟು ಹೊದಿಸ್ದ. ಅಮ್ಮ ಎಲ್ಲಿ ಅಂತ ಕೇಳ್ದೆ. ಬರ್ತಿದ್ದಾಳೆ ಅಂದ. ಸರಿ ಅಂತ ಕಣ್ಮುಚ್ಚಿದೆ."

ಆ ಕಡೆಯಿಂದ ಒಂದು ಸಾಲು ಬಂತು.

"ಇಷ್ಟು ಸಾಕಪ್ಪ. ಇನ್ನು ನೆಮ್ಮದಿಯಾಗಿ ಮಲ್ಕೋ."

ಲೈಲ್ ಬಿಕ್ಕಿ ಬಿಕ್ಕಿ ಅತ್ತ. ಗಡಿಯಾರದಲ್ಲಿ ಎರಡಾಗಲು ಇನ್ನು ಕಾಲು ಗಂಟೆಯಿತ್ತು. ಮೂಗೊರೆಸಿಕೊಂಡು ಕಮಿಷನರ್‌ಗೆ ಎಲ್ಲವನ್ನೂ ಒಪ್ಪಿಕೊಂಡು ಬರೆದ: ಗ್ರಾಂಟ್ ಸತ್ತದ್ದು, ತಾನು ಅವನ ಹೆಸರಿನಲ್ಲಿ ಆಡಿದ್ದು, ತನ್ನ ಹಳೆಯ ಆಟಗಾರನನ್ನು ಮುಚ್ಚಲು ಮರೆತದ್ದು. ನನ್ನನ್ನು ಓಡಿಸಿ, ಮಗನ ಪುಟವೊಂದನ್ನು ಉಳಿಸಿ ಎಂದು ಬೇಡಿಕೊಂಡ.

ಐದು ನಿಮಿಷದಲ್ಲಿ ಉತ್ತರ ಬಂತು.

"ಲೈಲ್ ಅವರೇ, ಗ್ರಾಂಟ್ ಹೋದದ್ದು ನಮಗೆ ಗೊತ್ತಿರಲಿಲ್ಲ, ಕ್ಷಮಿಸಿ. ಅವನ ಪುಟವನ್ನು ಯಾರೂ ಮುಟ್ಟುವುದಿಲ್ಲ. ಆದರೆ ನಿಮ್ಮ ಆ ಹಳೆಯ ಆಟಗಾರನನ್ನು ನಾವು ಎಂದೋ ತೆಗೆದುಹಾಕಿದ್ದೇವೆ. ನಾವು ಕೇಳಿದ್ದು ಸಿಡ್ ಕ್ರೊವೆಟ್ ಬಗ್ಗೆ. ಆ ಹೆಸರಿನಲ್ಲಿ ಬರೆಯುತ್ತಿರುವುದು ನಿಮ್ಮ ಮನೆಯಲ್ಲಿ ಯಾರು?"